ಅಡಿಕೆ ತೋಟಕ್ಕೆ ನೈಋತ್ಯದ ಬಿಸಿಲಿನ ಹೊಡೆತ: ಮುಂಜಾಗ್ರತೆಯೇ ಮದ್ದು

ನಮ್ಮ ಕರಾವಳಿಯಲ್ಲಿ ಹಿಮ ಬೀಳುವುದಿಲ್ಲ. ಹಿಮಾಚಲ ಪ್ರದೇಶ ಮತ್ತು ಕಾಶ್ಮೀರದ ಸೇಬು ಬೆಳೆಗಾರರಿಗೆ ಮಾತ್ರ ವಸಂತಕಾಲದ ಹಿಮವೇ ದೊಡ್ಡ ಶತ್ರು. ಸೇಬಿನ ಮರ ಹೂ ಬಿಟ್ಟಿರುವಾಗ ಒಂದು ರಾತ್ರಿ ಆಕಾಶ ತಿಳಿಯಾಗಿ, ಗಾಳಿ ನಿಂತು, ಉಷ್ಣತೆ ಸೊನ್ನೆಗಿಂತ ಎರಡು ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗಿಳಿದರೆ ಅರಳಿದ ಹೂಗಳು ಸಾಯುತ್ತವೆ. ಹೂ ಸತ್ತ ಮೇಲೆ ಯಾವ ಔಷಧಿಯೂ ಫಲ ಕೊಡುವುದಿಲ್ಲ. ಆದುದರಿಂದ ಅಲ್ಲಿಯ ರೈತರು ತಗ್ಗಿನಲ್ಲಿ ಗಿಡ ನೆಡುವುದನ್ನು ಬಿಡುತ್ತಾರೆ, ಮಣ್ಣನ್ನು ತೇವವಾಗಿಡುತ್ತಾರೆ, ಬೆಂಕಿ ಹಾಕುತ್ತಾರೆ. ಅನುಕೂಲವಿದ್ದಲ್ಲಿ ತುಂತುರು ನೀರು ಹಾಯಿಸುತ್ತಾರೆ. ಒಂದು ಗ್ರಾಂ ನೀರು ಹೆಪ್ಪುಗಟ್ಟುವಾಗ ಸುಮಾರು 80 ಕ್ಯಾಲೊರಿ ಶಾಖವನ್ನು ಹೊರಬಿಡುತ್ತದೆ. ಆ ಶಾಖವೇ ಹೂವನ್ನು ಕಾಪಾಡುತ್ತದೆ. ಇವೆಲ್ಲವೂ ಹಾನಿಯಾಗುವ ಮೊದಲೇ ಮಾಡುವ ಕೆಲಸಗಳು.

ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಜಿಲ್ಲೆಗಳ ಅಡಿಕೆ ಬೆಳೆಗಾರರಿಗೂ ಇಂಥದೇ ಒಬ್ಬ ಶತ್ರುವಿದ್ದಾನೆ. ಅವನು ರಾತ್ರಿಯ ಚಳಿಯಲ್ಲ, ಮಧ್ಯಾಹ್ನದ ಬಿಸಿಲು. ಅದೂ ಏಪ್ರಿಲ್–ಮೇ ತಿಂಗಳ ಸುಡುಬಿಸಿಲಲ್ಲ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ತೆಂಕಣ ದಿಕ್ಕಿನಿಂದ ಓರೆಯಾಗಿ ಬೀಳುವ ಬಿಸಿಲು. ಈ ಬಿಸಿಲಿನಿಂದ ತೋಟದ ಅಂಚಿನ ಮರಗಳ ಕಾಂಡ ಸುಡುತ್ತದೆ, ಸೀಳುತ್ತದೆ, ಕೊನೆಗೆ ಗಾಳಿಗೆ ಮುರಿದು ಬೀಳುತ್ತದೆ. ಹಿಮದ ಹಾಗೆಯೇ ಇಲ್ಲಿಯೂ ಹಾನಿಯಾದ ಮೇಲೆ ಮದ್ದಿಲ್ಲ. ಏಕೆ ಹೀಗಾಗುತ್ತದೆ, ತಡೆಯುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಹಾನಿಯ ಲಕ್ಷಣಗಳು

ಬಿಸಿಲಿನ ಹೊಡೆತ ಮೊದಲು ಕಾಣಿಸಿಕೊಳ್ಳುವುದು ಕಾಂಡದ ನೈಋತ್ಯ ಭಾಗದಲ್ಲಿ, ಅಂದರೆ ದಕ್ಷಿಣ ಮತ್ತು ಪಶ್ಚಿಮ ದಿಕ್ಕುಗಳ ನಡುವೆ ಇರುವ ಮುಖದಲ್ಲಿ. ಹಸಿರಾಗಿರುವ ಕಾಂಡದ ಮೇಲೆ ಹೊಂಬಣ್ಣದ ಹಳದಿ ಮಚ್ಚೆಗಳು ಮೂಡುತ್ತವೆ. ಕ್ರಮೇಣ ಮಚ್ಚೆಗಳು ಒಂದಕ್ಕೊಂದು ಕೂಡಿಕೊಂಡು ಕಂದು ಬಣ್ಣಕ್ಕೆ ತಿರುಗುತ್ತವೆ. ಆ ಭಾಗ ಒಣಗಿ ಗಟ್ಟಿಯಾಗಿ, ಮೇಲಿನಿಂದ ಕೆಳಕ್ಕೆ ಉದ್ದುದ್ದನೆಯ ಸೀಳುಗಳು ಬೀಳುತ್ತವೆ. ಮಳೆಗಾಲದಲ್ಲಿ ಈ ಸೀಳುಗಳ ಮೂಲಕ ನೀರು ಒಳಸೇರುತ್ತದೆ. ಶಿಲೀಂಧ್ರಗಳು, ಹುಳುಗಳು ಸೇರಿಕೊಂಡು ಕಾಂಡದ ಒಳಭಾಗವನ್ನು ಕೊಳೆಸುತ್ತವೆ.

ಹೊರಗಿನಿಂದ ನೋಡಿದರೆ ಮರ ಚೆನ್ನಾಗಿಯೇ ಇರುತ್ತದೆ. ತಲೆಯಲ್ಲಿ ಸೋಗೆ ಹಸಿರಾಗಿರುತ್ತದೆ, ಹಿಂಗಾರ ಬರುತ್ತದೆ, ಗೊನೆಯೂ ಇರುತ್ತದೆ. ಆದರೆ ಒಂದು ಮಗ್ಗುಲು ಸತ್ತ ಕಾಂಡಕ್ಕೆ ಬಲವಿರುವುದಿಲ್ಲ. ಮುಂಗಾರಿನ ಮೊದಲಿನ ಗುಡುಗು ಗಾಳಿಗೋ ಜೂನ್–ಜುಲೈ ತಿಂಗಳ ಬಿರುಗಾಳಿಗೋ ಅದು ಗಾಯವಿದ್ದ ಜಾಗದಲ್ಲಿಯೇ ಮುರಿಯುತ್ತದೆ. ರೈತರು ಗಾಳಿಯನ್ನು ದೂರುತ್ತಾರೆ. ನಿಜವಾಗಿ ಆ ಮರವನ್ನು ಕೆಡಿಸಿದ್ದು ಒಂದೆರಡು ವರ್ಷಗಳ ಹಿಂದಿನ ಡಿಸೆಂಬರ್ ತಿಂಗಳ ಬಿಸಿಲು.

ಈ ತೊಂದರೆಯನ್ನು ಬೇರೆ ರೋಗಗಳೆಂದು ತಪ್ಪು ತಿಳಿಯಬಾರದು. ಅಣಬೆ ರೋಗದಲ್ಲಿ ಕಾಂಡದ ಬುಡದಲ್ಲಿ ಕಂದು ಬಣ್ಣದ ಮಚ್ಚೆಗಳಾಗಿ ರಸ ಒಸರುತ್ತದೆ, ಸೋಗೆಗಳು ಹಳದಿಯಾಗಿ ಜೋತುಬೀಳುತ್ತವೆ ಮತ್ತು ರೋಗ ತೋಟದ ಯಾವ ಭಾಗದಲ್ಲಿಯೂ ಬರಬಹುದು. ಬಿಸಿಲಿನ ಹೊಡೆತವಾದರೋ ತೋಟದ ದಕ್ಷಿಣ ಮತ್ತು ಪಶ್ಚಿಮ ಅಂಚಿನ ಮರಗಳಲ್ಲಿ, ಅಥವಾ ಒಳಗೆ ಮರ ಬಿದ್ದು ಕಿಂಡಿಯಾದ ಕಡೆ, ಕಾಂಡದ ಒಂದೇ ಮುಖದಲ್ಲಿ ಕಾಣುತ್ತದೆ. ಈ ಎರಡು ಗುರುತುಗಳು ಸಾಕು.

ಚಳಿಗಾಲದ ಬಿಸಿಲೇ ಏಕೆ ಸುಡುತ್ತದೆ?

ಬೇಸಿಗೆಯ ಬಿಸಿಲಿಗೆ ಸುಡದ ಮರ ಚಳಿಗಾಲದ ಬಿಸಿಲಿಗೆ ಏಕೆ ಸುಡಬೇಕು ಎಂದು ಅನೇಕ ರೈತರು ಕೇಳುತ್ತಾರೆ. ಉತ್ತರ ಸೂರ್ಯನ ದಾರಿಯಲ್ಲಿದೆ.

ಅಡಿಕೆ ಮಾರಲು ಅಥವಾ ಬೇರೆ ಕೆಲಸಕ್ಕೆ ಮಂಗಳೂರಿಗೆ ಹೋದ ರೈತರು ಹಂಪನಕಟ್ಟೆಯ ಗಡಿಯಾರ ಗೋಪುರದ ನೆರಳನ್ನು ಗಮನಿಸಬಹುದು. ಮಂಗಳೂರು ಸಮಭಾಜಕ ವೃತ್ತದಿಂದ ಸುಮಾರು 12.9 ಡಿಗ್ರಿ ಉತ್ತರಕ್ಕಿದೆ. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ ಹನ್ನೆರಡೂವರೆಗೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಆಗ ಗೋಪುರದ ನೆರಳು ಅದರ ಬುಡದಲ್ಲಿಯೇ ಅಡಗಿರುತ್ತದೆ. ಡಿಸೆಂಬರ್ 22ರ ಸುಮಾರಿಗೆ ಅದೇ ಹೊತ್ತಿನಲ್ಲಿ ಸೂರ್ಯನ ಎತ್ತರ ಕೇವಲ 54 ಡಿಗ್ರಿ, ಅದೂ ದಕ್ಷಿಣದಲ್ಲಿ. ಅದೇ ದಿನ ಮೂರೂವರೆ ಗಂಟೆಗೆ ನೋಡಿದರೆ ಸೂರ್ಯ ನೈಋತ್ಯದಲ್ಲಿ ಸುಮಾರು 33 ಡಿಗ್ರಿ ಎತ್ತರದಲ್ಲಿರುತ್ತಾನೆ. ನೆರಳು ಗೋಪುರದ ಎತ್ತರದ ಒಂದೂವರೆ ಪಟ್ಟು ಉದ್ದವಾಗಿ ಈಶಾನ್ಯಕ್ಕೆ ಚಾಚಿರುತ್ತದೆ.

ಗೋಪುರದ ಬದಲು ಅಡಿಕೆ ಮರವನ್ನು ಭಾವಿಸಿಕೊಳ್ಳಿ. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಬಿಸಿಲು ಮರದ ತಲೆಯ ಮೇಲೆ ಬೀಳುತ್ತದೆ. ಸೋಗೆಗಳು ಕೊಡೆಯಂತೆ ನಿಂತು ಕಾಂಡಕ್ಕೆ ನೆರಳು ಕೊಡುತ್ತವೆ. ಡಿಸೆಂಬರಿನಲ್ಲಿಯಾದರೋ ಬಿಸಿಲು ಕೊಡೆಯ ಕೆಳಗಿನಿಂದ ನುಗ್ಗಿ ನೇರವಾಗಿ ಕಾಂಡದ ಪಕ್ಕಕ್ಕೆ ಹೊಡೆಯುತ್ತದೆ. ನೆಲಕ್ಕೆ ಓರೆಯಾದ ಬಿಸಿಲು ನೆಟ್ಟಗೆ ನಿಂತ ಕಾಂಡಕ್ಕೆ ನೇರವಾದ ಬಿಸಿಲಾಗುತ್ತದೆ. ಆಕಾಶದಲ್ಲಿ ಮೋಡವಿಲ್ಲದೆ, ಗಾಳಿಯಲ್ಲಿ ತೇವ ಕಡಿಮೆಯಾಗಿರುವ ದಿನಗಳಿವು. ಬಿಸಿಲಿನ ಕಾವನ್ನು ತಗ್ಗಿಸುವುದು ಯಾವುದೂ ಇಲ್ಲ.

ಹಾಗಿದ್ದರೆ ಬೆಳಗಿನ ಹೊತ್ತು ಆಗ್ನೇಯದಿಂದ ಬೀಳುವ ಬಿಸಿಲು ಏಕೆ ಸುಡುವುದಿಲ್ಲ? ಬೆಳಿಗ್ಗೆ ಗಾಳಿ ತಂಪಾಗಿರುತ್ತದೆ, ಕಾಂಡವೂ ರಾತ್ರಿಯ ತಂಪಿನಲ್ಲಿರುತ್ತದೆ, ಇಬ್ಬನಿಯ ತೇವವಿರುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆಯ ಹೊತ್ತಿಗೆ ಗಾಳಿ ಆಗಲೇ ಬಿಸಿಯಾಗಿರುತ್ತದೆ. ಬಿಸಿಯಾದ ಕಾಂಡದ ಮೇಲೆ ಮತ್ತೆ ಬಿಸಿಲು ಬೀಳುತ್ತದೆ. ಡಿಸೆಂಬರ್ ತಿಂಗಳಲ್ಲಿ ಒಂದು ದಿನ ಆ ಹೊತ್ತಿನಲ್ಲಿ ತೋಟದ ಅಂಚಿಗೆ ಹೋಗಿ ಒಂದು ಅಂಗೈಯನ್ನು ಕಾಂಡದ ನೈಋತ್ಯ ಮುಖಕ್ಕೂ ಇನ್ನೊಂದನ್ನು ಈಶಾನ್ಯ ಮುಖಕ್ಕೂ ಇಟ್ಟು ನೋಡಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಅಡಿಕೆ ಮರದ ಗಾಯ ಮಾಯುವುದಿಲ್ಲ

ಮಾವು, ಹಲಸಿನ ಮರಕ್ಕೆ ಕತ್ತಿಯೇಟು ಬಿದ್ದರೆ ಕೆಲವು ವರ್ಷಗಳಲ್ಲಿ ತೊಗಟೆ ಬೆಳೆದು ಗಾಯ ಮುಚ್ಚಿಕೊಳ್ಳುತ್ತದೆ. ಆ ಮರಗಳ ತೊಗಟೆಯ ಒಳಗೆ ಹೊಸ ತೊಗಟೆಯನ್ನೂ ಹೊಸ ಮರವನ್ನೂ ಬೆಳೆಸುವ ಒಂದು ತೆಳುವಾದ ಜೀವಂತ ಪದರವಿದೆ. ಅಡಿಕೆ, ತೆಂಗು, ತಾಳೆ ಮುಂತಾದ ಮರಗಳಿಗೆ ಈ ಪದರವೇ ಇಲ್ಲ. ಅಡಿಕೆ ಮರ ಬೆಳೆಯುವುದು ತಲೆಯಲ್ಲಿರುವ ಒಂದೇ ಕುಡಿಯಿಂದ. ಕಾಂಡದ ಹೊರಭಾಗ ಒಮ್ಮೆ ಸತ್ತರೆ ಅದನ್ನು ಮತ್ತೆ ಬೆಳೆಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಹತ್ತನೆಯ ವರ್ಷದಲ್ಲಿ ಆದ ಗಾಯ ನಲವತ್ತನೆಯ ವರ್ಷದಲ್ಲಿಯೂ ಹಾಗೆಯೇ ಇರುತ್ತದೆ, ಮರ ಅಲ್ಲಿಯವರೆಗೆ ಉಳಿದರೆ.

ಈ ಕಾರಣದಿಂದಲೇ ಬಿಸಿಲಿನ ಹೊಡೆತಕ್ಕೆ ಚಿಕಿತ್ಸೆ ಎಂಬುದಿಲ್ಲ, ಮುಂಜಾಗ್ರತೆ ಮಾತ್ರ ಇದೆ. ಎಳೆಯ ಮರಗಳೂ, ದೊಡ್ಡ ಮರಗಳ ಮೇಲಿನ ಹಸಿರು ಭಾಗವೂ ಬೇಗ ಸುಡುತ್ತವೆ. ಬಲಿತು ಬೂದು ಬಣ್ಣಕ್ಕೆ ತಿರುಗಿದ ಭಾಗ ಸ್ವಲ್ಪ ತಡೆದುಕೊಳ್ಳುತ್ತದೆ.

ಇದು ಹಣದ ಪ್ರಶ್ನೆ ಮಾತ್ರವಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು, ಗೊನೆ ಕೊಯ್ಯಲು ಮರ ಹತ್ತುವವರು ಒಂದು ಮರದಿಂದ ಇಳಿಯದೆ ತಲೆಯನ್ನು ತೂಗಿ ಪಕ್ಕದ ಮರಕ್ಕೆ ದಾಟುತ್ತಾರೆ. ಸೀಳಿದ ಮರ ಅವರ ಭಾರಕ್ಕೆ ಬಾಗಿದಾಗ ಮುರಿದರೆ ಪ್ರಾಣಕ್ಕೇ ಅಪಾಯ. ಮಳೆಗಾಲದಲ್ಲಿ ಕಾಂಡ ಒದ್ದೆಯಾಗಿ ಕಪ್ಪಾಗಿರುವುದರಿಂದ ಗಾಯ ಕೆಳಗಿನಿಂದ ಕಾಣುವುದೂ ಇಲ್ಲ. ಮರದ ಗಾಯ ತೋಟದ ಯಜಮಾನನಿಗೆ ತಿಳಿದಿರಬೇಕು. ತಿಳಿದದ್ದನ್ನು ಹತ್ತುವವರಿಗೆ ಹೇಳಬೇಕು.

ಎಷ್ಟು ಮರಗಳಿಗೆ ಅಪಾಯ?

ಒಂದು ಸಣ್ಣ ಲೆಕ್ಕ ಮಾಡೋಣ. 2.7 ಮೀಟರ್ (ಸುಮಾರು 9 ಅಡಿ) ಅಂತರದಲ್ಲಿ ಚೌಕಾಕಾರವಾಗಿ ನೆಟ್ಟರೆ ಒಂದು ಎಕರೆಗೆ ಸುಮಾರು 550 ಮರಗಳು ಹಿಡಿಯುತ್ತವೆ. ತೋಟ ಚೌಕವಾಗಿದ್ದರೆ ಒಂದೊಂದು ಅಂಚಿನಲ್ಲಿ ಸುಮಾರು 24 ಮರಗಳು. ದಕ್ಷಿಣ ಮತ್ತು ಪಶ್ಚಿಮದ ಮೊದಲ ಸಾಲುಗಳನ್ನು ಸೇರಿಸಿದರೆ 47 ಮರಗಳು. ಅಂದರೆ ಹನ್ನೆರಡು ಮರಗಳಲ್ಲಿ ಒಂದು ಮಾತ್ರ ನೇರ ಬಿಸಿಲಿಗೆ ಸಿಕ್ಕುತ್ತದೆ. ಒಳಗಿನ ಮರಗಳಿಗೆ ಮುಂದಿನ ಮರಗಳ ತಲೆಯೇ ನೆರಳು.

ಐವತ್ತು ಮರಗಳನ್ನು ಕಾಪಾಡಿದರೆ ಐನೂರು ಮರಗಳನ್ನು ಕಾಪಾಡಿದಂತೆ. ಆದರೆ ಈ ಮೊದಲ ಸಾಲು ಹೋಯಿತೆಂದರೆ ಎರಡನೆಯ ಸಾಲೇ ಮೊದಲ ಸಾಲಾಗುತ್ತದೆ. ಅದುವರೆಗೆ ನೆರಳಿನಲ್ಲಿ ಬೆಳೆದ ಮರಗಳು ಒಮ್ಮೆಲೇ ಬಿಸಿಲಿಗೆ ಬೀಳುತ್ತವೆ. ಅವು ಇನ್ನೂ ಬೇಗ ಸುಡುತ್ತವೆ. ಹೀಗೆ ಹಾನಿ ಸಾಲಿನಿಂದ ಸಾಲಿಗೆ ಒಳಗೆ ಸಾಗುತ್ತದೆ.

ಸಣ್ಣ ಹಿಡುವಳಿದಾರರು ಇದನ್ನು ವಿಶೇಷವಾಗಿ ಗಮನಿಸಬೇಕು. ಇಪ್ಪತ್ತೈದು ಸೆಂಟ್ಸ್ ತೋಟದಲ್ಲಿ ಇರುವುದು ಸುಮಾರು 140 ಮರಗಳು. ಅದರಲ್ಲಿ ಬಿಸಿಲಿನ ಅಂಚಿನ ಮರಗಳು 23. ಎಂದರೆ ಆರರಲ್ಲಿ ಒಂದು. ತೋಟ ಚಿಕ್ಕದಾದಷ್ಟೂ ಅಂಚಿನ ಪಾಲು ಹೆಚ್ಚು. ಅಡಿಕೆ ಸಸಿ ಫಲಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ಚಿಕ್ಕ ತೋಟದವನಿಗೆ ಇಪ್ಪತ್ತು ಮರಗಳ ನಷ್ಟ ಸಣ್ಣದಲ್ಲ.

ಸಸಿ ನೆಡುವಾಗಲೇ ಮಾಡಬೇಕಾದ ಕೆಲಸ

ಅಡಿಕೆಯ ಬಗ್ಗೆ ಸಂಶೋಧನೆ ನಡೆಸಲು 1956ರಲ್ಲಿ ವಿಟ್ಲದಲ್ಲಿ ಕೇಂದ್ರೀಯ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು. 1970ರಿಂದ ಅದು ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಭಾಗವಾಗಿದೆ. ಅಡಿಕೆಯನ್ನು 2.7 ಮೀಟರ್ ಅಂತರದಲ್ಲಿ ಚೌಕ ಪದ್ಧತಿಯಲ್ಲಿ ನೆಡುವಾಗ ಉತ್ತರ–ದಕ್ಷಿಣ ಸಾಲನ್ನು ಪಶ್ಚಿಮದ ಕಡೆಗೆ 35 ಡಿಗ್ರಿ ಓರೆ ಮಾಡಬೇಕೆಂಬುದು ಅಡಿಕೆ ಬೇಸಾಯದ ಶಿಫಾರಸು. ಸಾಲು ನೇರ ಉತ್ತರ–ದಕ್ಷಿಣವಾಗಿದ್ದರೆ ಮಧ್ಯಾಹ್ನದ ಬಿಸಿಲು ಎರಡು ಮರಗಳ ನಡುವಿನ ಕಿಂಡಿಯಿಂದ ಒಳನುಗ್ಗುತ್ತದೆ. ಸಾಲನ್ನು ಓರೆ ಮಾಡಿದಾಗ ಪ್ರತಿಯೊಂದು ಮರದ ನೈಋತ್ಯಕ್ಕೆ ಇನ್ನೊಂದು ಮರ ಬಂದು ನಿಲ್ಲುತ್ತದೆ. ಬಿಸಿಲು ಹೆಚ್ಚಿರುವ ಹೊತ್ತಿನಲ್ಲಿ ಒಂದರ ನೆರಳು ಇನ್ನೊಂದರ ಮೇಲೆ ಬೀಳುತ್ತದೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಗೂಟ ಹೊಡೆಯುವ ದಿನ ಸ್ವಲ್ಪ ಗಮನ ಬೇಕು, ಅಷ್ಟೆ.

ದಿಕ್ಸೂಚಿ ಇಲ್ಲದವರು ಸುಲಭವಾದ ಉಪಾಯವೊಂದನ್ನು ಮಾಡಬಹುದು. ನೆಡುವುದು ಮೇ–ಜೂನ್ ತಿಂಗಳಿನಲ್ಲಾದರೂ ಅದರ ಹಿಂದಿನ ಡಿಸೆಂಬರಿನಲ್ಲಿಯೇ ಜಾಗಕ್ಕೆ ಹೋಗಿ, ಮಧ್ಯಾಹ್ನ ಮೂರರಿಂದ ಮೂರೂವರೆ ಗಂಟೆಯ ನಡುವೆ ಒಂದು ನೆಟ್ಟಗಿನ ಕೋಲನ್ನು ಊರಬೇಕು. ಅದರ ನೆರಳು ಬಿದ್ದ ಗೆರೆಯ ಎರಡು ತುದಿಗೂ ಗುರುತಿನ ಕಲ್ಲು ಹಾಕಬೇಕು. ಸಾಲುಗಳನ್ನು ಸುಮಾರಾಗಿ ಈ ಗೆರೆಯ ಉದ್ದಕ್ಕೆ ಬರುವಂತೆ ಎಳೆದರೆ ನೈಋತ್ಯ–ಈಶಾನ್ಯ ಸಾಲು ಸಿದ್ಧವಾಗುತ್ತದೆ.

ಇಳಿಜಾರಾದ ಗುಡ್ಡೆಯಲ್ಲಿ ತಟ್ಟು ಮಾಡಿ ನೆಡುವವರಿಗೆ ಈ ಅನುಕೂಲ ಪೂರ್ತಿ ಸಿಗುವುದಿಲ್ಲ. ಅಲ್ಲಿ ತಟ್ಟು ಹೋದ ಹಾಗೆ ಸಾಲು ಹೋಗಬೇಕಾಗುತ್ತದೆ. ದಕ್ಷಿಣ ಅಥವಾ ಪಶ್ಚಿಮಕ್ಕೆ ಮುಖ ಮಾಡಿದ ಗುಡ್ಡೆಯಲ್ಲಿ ಅಡಿಕೆ ಮಾಡುವವರು ಮುಂದೆ ಹೇಳುವ ನೆರಳಿನ ಮರಗಳನ್ನು ಮೊದಲು ಬೆಳೆಸಿಕೊಂಡು ಆಮೇಲೆ ಅಡಿಕೆ ನೆಡುವುದು ಉತ್ತಮ.

ನೆರಳಿನ ಮರಗಳ ಬೇಲಿ

ತೋಟದ ದಕ್ಷಿಣ ಮತ್ತು ಪಶ್ಚಿಮ ಅಂಚಿನಲ್ಲಿ ಎತ್ತರವಾಗಿ ಬೆಳೆಯುವ ಮರಗಳ ಸಾಲು ಇರುವುದು ಎಲ್ಲಕ್ಕಿಂತ ಶಾಶ್ವತವಾದ ರಕ್ಷಣೆ. ಹಳೆಯ ತೋಟಗಳ ಸುತ್ತ ಹಲಸು, ಮಾವು, ಹೆಬ್ಬಲಸು, ಪುನರ್ಪುಳಿ ಮರಗಳನ್ನು ಹಿರಿಯರು ಉಳಿಸಿಕೊಂಡಿದ್ದರ ಹಿಂದೆ ಸೊಪ್ಪು, ಕಾಯಿಗಳ ಆಸೆಯ ಜೊತೆಗೆ ಈ ಅನುಭವವೂ ಇತ್ತು.

ಮರ ಆರಿಸುವಾಗ ಮಾಡುವ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಬೇಗ ಬೆಳೆಯುತ್ತದೆಂದು ಹಾಲುವಾಣ ಅಥವಾ ಗ್ಲಿರಿಸಿಡಿಯ ಗೂಟಗಳನ್ನು ಅಂಚಿಗೆ ಊರಿ ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ಸೊಪ್ಪಿಗೆ ಇವು ಒಳ್ಳೆಯ ಗಿಡಗಳು. ಆದರೆ ಚಳಿಗಾಲ ಮುಗಿಯುವ ಹೊತ್ತಿಗೆ ಎಲೆ ಉದುರಿಸಿ ಹೂ ಬಿಡುವ ಗಿಡಗಳಿವು. ಸಾಗುವಾನಿ, ರಬ್ಬರ್ ಮರಗಳದೂ ಇದೇ ಸ್ವಭಾವ. ನೆರಳು ಬೇಕಾದ ತಿಂಗಳಿನಲ್ಲಿಯೇ ಬೋಳಾಗಿ ನಿಲ್ಲುವ ಮರವನ್ನು ನಂಬಿ ಕೂರಬಾರದು. ಪಕ್ಕದಲ್ಲಿ ರಬ್ಬರ್ ತೋಟವಿದೆಯಲ್ಲ ಎಂದು ನಿಶ್ಚಿಂತರಾಗಿರುವವರು ಜನವರಿಯಲ್ಲಿ ಒಮ್ಮೆ ತಲೆಯೆತ್ತಿ ನೋಡಬೇಕು. ವರ್ಷವಿಡೀ ಎಲೆ ಇರುವ ಮರಗಳೇ ಇಲ್ಲಿ ಬೇಕು. ಬೇಗ ಬೆಳೆಯುವ ಗಿಡಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಂಡು ಅವುಗಳ ನಡುವೆ ಹಲಸು, ಮಾವು, ಹೆಬ್ಬಲಸಿನಂತಹ ನಿತ್ಯಹಸಿರಿನ ಮರಗಳನ್ನು ಬೆಳೆಸಬೇಕು.

ಮರ ಎಷ್ಟು ದೂರದಲ್ಲಿರಬೇಕು? ತೀರ ಹತ್ತಿರವಾದರೆ ಬೇರು ತೋಟಕ್ಕೆ ನುಗ್ಗಿ ಗೊಬ್ಬರ, ನೀರು ಹೀರುತ್ತದೆ. ದೂರವಾದರೆ ನೆರಳು ಸಾಲದು. ಡಿಸೆಂಬರ್ ತಿಂಗಳ ಮೂರೂವರೆ ಗಂಟೆಯ ಬಿಸಿಲಿಗೆ ಒಂದು ಸುಲಭವಾದ ಲೆಕ್ಕವಿದೆ. ನೆರಳಿನ ಮರದ ಎತ್ತರದಿಂದ, ಅದು ನೈಋತ್ಯ ದಿಕ್ಕಿನಲ್ಲಿ ಎಷ್ಟು ದೂರವಿದೆಯೋ ಅದರ ಮೂರನೆಯ ಎರಡು ಪಾಲನ್ನು ಕಳೆಯಬೇಕು. ಉಳಿದಷ್ಟು ಎತ್ತರದವರೆಗೆ ಅಡಿಕೆ ಕಾಂಡಕ್ಕೆ ನೆರಳು ಸಿಗುತ್ತದೆ. ಉದಾಹರಣೆಗೆ, 40 ಅಡಿ ಎತ್ತರದ ಹಲಸಿನ ಮರ 18 ಅಡಿ ದೂರದಲ್ಲಿದ್ದರೆ, 18ರ ಮೂರನೆಯ ಎರಡು ಪಾಲು 12. ಅದನ್ನು 40ರಲ್ಲಿ ಕಳೆದರೆ 28. ಅಂದರೆ ಕಾಂಡದ 28 ಅಡಿಯವರೆಗೆ ನೆರಳು. ಅದೇ ಮರ 36 ಅಡಿ ದೂರದಲ್ಲಿದ್ದರೆ 16 ಅಡಿಯವರೆಗೆ ಮಾತ್ರ ನೆರಳು ತಲಪುತ್ತದೆ. ಮೇಲಿನ ಹಸಿರು ಭಾಗ ಬಿಸಿಲಿನಲ್ಲಿಯೇ ಉಳಿಯುತ್ತದೆ.

ಸಾಮಾನ್ಯವಾಗಿ 15ರಿಂದ 20 ಅಡಿ ದೂರ ಬಿಟ್ಟು, ನಡುವೆ ಒಂದು ಅಗಳು ತೆಗೆದರೆ ಬೇರುಗಳ ತೊಂದರೆಯೂ ತಪ್ಪುತ್ತದೆ. ಮಳೆಗಾಲಕ್ಕೆ ಮೊದಲು ತೋಟದ ಕಡೆಗೆ ಚಾಚಿದ ಕೆಳಗಿನ ಕೊಂಬೆಗಳನ್ನು ಸವರಬೇಕು. ಗಾಳಿಯಾಡದೆ ತೇವ ನಿಂತರೆ ಕೊಳೆರೋಗಕ್ಕೆ ಅನುಕೂಲವಾಗುತ್ತದೆ. ಬಿಸಿಲಿನಿಂದ ತಪ್ಪಿಸಲು ಹೋಗಿ ಕೊಳೆರೋಗಕ್ಕೆ ಒಪ್ಪಿಸಬಾರದು.

ಅಂಚಿನ ಮರಗಳಿಗೆ ಹೊದಿಕೆ

ನೆರಳಿನ ಮರ ಬೆಳೆಯುವವರೆಗೆ ಅಥವಾ ಮರ ಬೆಳೆಸಲು ಜಾಗವಿಲ್ಲದಿದ್ದರೆ ಕಾಂಡಕ್ಕೆ ಹೊದಿಕೆ ಕಟ್ಟಬೇಕು. ಇದಕ್ಕೆ ಬೇಕಾದ ಸಾಮಗ್ರಿ ತೋಟದಲ್ಲಿಯೇ ಇದೆ. ಬಿದ್ದ ಅಡಿಕೆ ಹಾಳೆ, ಸೋಗೆ ಅಥವಾ ತೆಂಗಿನ ಮಡಲು ಇವುಗಳಲ್ಲಿ ಯಾವುದಾದರೂ ಆಗುತ್ತದೆ.

ಹೊದಿಕೆ ಕಟ್ಟುವಾಗ ಈ ಕೆಳಗಿನ ಅಂಶಗಳನ್ನು ಗಮನಿಸಬೇಕು.

1. ಕಾಂಡದ ನೈಋತ್ಯ ಮುಖ ಪೂರ್ತಿ ಮುಚ್ಚಬೇಕು. ಸುತ್ತಲೂ ಮುಚ್ಚುವ ಅಗತ್ಯವಿಲ್ಲ.

2. ಹಾಳೆಗಳನ್ನು ಕೆಳಗಿನಿಂದ ಆರಂಭಿಸಿ ಒಂದರ ಮೇಲೊಂದು ಹಂಚು ಹೊದಿಸಿದಂತೆ ಕಟ್ಟಿಕೊಂಡು ಮೇಲಕ್ಕೆ ಹೋಗಬೇಕು. ಅಕಾಲದ ಮಳೆ ಬಂದರೂ ನೀರು ಜಾರಿಹೋಗುತ್ತದೆ.

3. ಬಾಳೆಯ ನಾರು ಅಥವಾ ಬಳ್ಳಿಯಿಂದ ಸಡಿಲವಾಗಿ ಕಟ್ಟಬೇಕು. ಹಾಳೆಗೂ ಕಾಂಡಕ್ಕೂ ನಡುವೆ ಸ್ವಲ್ಪ ಗಾಳಿ ಆಡುವುದು ಒಳ್ಳೆಯದು. ತಂತಿ, ಪ್ಲಾಸ್ಟಿಕ್ ಹಗ್ಗ ಬಳಸಬಾರದು.

4. ಮುಂಗಾರು ಆರಂಭವಾಗುವ ಮೊದಲು ಹೊದಿಕೆಯನ್ನು ತೆಗೆಯಬೇಕು. ಒದ್ದೆ ಹಾಳೆಯ ಕೆಳಗೆ ಇರುವೆ, ಹುಳುಗಳು ಸೇರಿಕೊಳ್ಳುತ್ತವೆ. ಮರ ಹತ್ತುವವರಿಗೂ ಅದು ತೊಂದರೆ.

ಹೊದಿಕೆಯ ಬದಲು ಸುಣ್ಣವನ್ನೂ ಬಳಿಯಬಹುದು. ಬಿಳಿಯ ಬಣ್ಣ ಬಿಸಿಲನ್ನು ಹಿಂದಕ್ಕೆ ತಳ್ಳುವುದರಿಂದ ಕಾಂಡ ಕಾಯುವುದು ಕಡಿಮೆಯಾಗುತ್ತದೆ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ತಣಿದ ಮೇಲೆ ಸೋಸಿ, ಗೋಡೆಗೆ ಬಳಿಯುವ ಹದಕ್ಕೆ ತಂದುಕೊಳ್ಳಬೇಕು. ಹಿಡಿದು ನಿಲ್ಲಲು ಸ್ವಲ್ಪ ಅಂಟು ಸೇರಿಸಬಹುದು. ಮಳೆ ಪೂರ್ತಿ ನಿಂತ ಮೇಲೆ ಕಾಂಡ ಒಣಗಿದ ದಿನ ಬಳಿಯಬೇಕು. ಹಿಂಗಾರು ಮಳೆಗೆ ತೊಳೆದುಹೋದರೆ ಇನ್ನೊಮ್ಮೆ ಬಳಿಯಬೇಕು. ಕಣ್ಣಿಗೆ ಸುಣ್ಣ ಸಿಡಿಯದಂತೆ ಎಚ್ಚರ ವಹಿಸುವುದು ಅವಶ್ಯಕ.

ಎತ್ತರದ ಮರಗಳಿಗೆ ಇದಕ್ಕೆಂದೇ ಆಳು ಹತ್ತಿಸುವುದು ದುಬಾರಿಯಾಗುತ್ತದೆ. ಮೊದಲ ಕೊಯ್ಲಿಗೆ ಮರ ಹತ್ತುವಾಗ ಅಂಚಿನ ಸಾಲಿನ ಮರಗಳಿಗೆ ಮೇಲಿನ ಭಾಗದ ಸುಣ್ಣ ಬಳಿದು ಇಳಿಯುವಂತೆ ಏರ್ಪಾಡು ಮಾಡಿಕೊಂಡರೆ ಒಂದೇ ಕೂಲಿಯಲ್ಲಿ ಎರಡು ಕೆಲಸವಾಗುತ್ತದೆ.

ಎಳೆಯ ಸಸಿಗಳ ರಕ್ಷಣೆ

ಹೊಸದಾಗಿ ನೆಟ್ಟ ಸಸಿಗಳಿಗೆ ಕಾಂಡವಿಲ್ಲದಿದ್ದರೂ ಬಿಸಿಲಿನ ಭಯ ಹೆಚ್ಚು. ಎಲೆಗಳು ಹಳದಿಯಾಗಿ ತುದಿಯಿಂದ ಒಣಗುತ್ತವೆ, ಬೆಳವಣಿಗೆ ನಿಲ್ಲುತ್ತದೆ. ಗದ್ದೆಯನ್ನು ತೋಟ ಮಾಡುವವರು, ಬಯಲು ಗುಡ್ಡೆಯಲ್ಲಿ ನೆಡುವವರು ಈ ತೊಂದರೆಯನ್ನು ಮೊದಲ ವರ್ಷವೇ ಕಾಣುತ್ತಾರೆ.

ಅಡಿಕೆ ಸಾಲುಗಳ ನಡುವೆ ಬಾಳೆ ಹಾಕುವುದು ಇದಕ್ಕೆ ಉತ್ತಮ ಪರಿಹಾರ. ಬಾಳೆ ಒಂದೇ ವರ್ಷದಲ್ಲಿ ನೆರಳು ಕೊಡುತ್ತದೆ, ಜೊತೆಗೆ ಆದಾಯವನ್ನೂ ತರುತ್ತದೆ. ಬಾಳೆಯನ್ನು ಸಸಿಯ ನೈಋತ್ಯಕ್ಕೆ ಬರುವಂತೆ ನೆಟ್ಟರೆ ಪ್ರಯೋಜನ ಹೆಚ್ಚು. ಮೊದಲ ಚಳಿಗಾಲದಲ್ಲಿ ಬಾಳೆ ಇನ್ನೂ ಚಿಕ್ಕದಾಗಿದ್ದರೆ ಸಸಿಯ ನೈಋತ್ಯಕ್ಕೆ ತೆಂಗಿನ ಮಡಲನ್ನು ಓರೆಯಾಗಿ ಊರಬೇಕು. ಅಕ್ಟೋಬರಿನಲ್ಲಿ ಊರಿದ ಮಡಲು ಮೇ ಕೊನೆಯವರೆಗೂ ಇರಲಿ. ಬಾಳೆಯನ್ನು ಒಮ್ಮೆಲೇ ಕಡಿದು ತೆಗೆಯಬಾರದು. ನೆರಳಿನಲ್ಲಿ ಬೆಳೆದ ಎಳೆಯ ಕಾಂಡ ಒಂದು ಚಳಿಗಾಲದಲ್ಲಿಯೇ ಸುಟ್ಟುಹೋದೀತು. ಅಂಚಿನ ಸಾಲಿನ ಬಾಳೆಯನ್ನು ಕೊನೆಗೆ ತೆಗೆಯಬೇಕು.

ನೀರು ಮತ್ತು ಹೊದಿಕೆ ಸೊಪ್ಪು

ನೀರು ಹಾಯಿಸುವುದರಿಂದ ಮಾತ್ರವೇ ಕಾಂಡ ಸುಡುವುದನ್ನು ತಪ್ಪಿಸಲಾಗದು. ಆದರೆ ಬಾಯಾರಿದ ಮರ ಬೇಗ ಸುಡುತ್ತದೆ. ಆದುದರಿಂದ ಹಿಂಗಾರು ನಿಂತ ಕೂಡಲೇ ನೀರು ಕೊಡಲು ಆರಂಭಿಸಬೇಕು. ನವೆಂಬರ್–ಡಿಸೆಂಬರ್ ತಿಂಗಳುಗಳಲ್ಲಿ 7–8 ದಿನಗಳಿಗೊಮ್ಮೆ, ಜನವರಿ–ಫೆಬ್ರವರಿಯಲ್ಲಿ 6 ದಿನಗಳಿಗೊಮ್ಮೆ, ಮಾರ್ಚಿಯಿಂದ ಮೇವರೆಗೆ 3–5 ದಿನಗಳಿಗೊಮ್ಮೆ, ಒಂದು ಸಲಕ್ಕೆ ಮರವೊಂದಕ್ಕೆ ಸುಮಾರು 175 ಲೀಟರ್ ನೀರು ಬೇಕಾಗುತ್ತದೆ. ಹನಿ ನೀರಾವರಿ ಇರುವಲ್ಲಿ ದಿನಕ್ಕೆ 16ರಿಂದ 20 ಲೀಟರ್ ಸಾಕು. ಬುಡಕ್ಕೆ ತರಗೆಲೆ, ಸೊಪ್ಪು, ಅಡಿಕೆ ಸಿಪ್ಪೆ ಹರಡಿದರೆ ತೇವ ಉಳಿಯುತ್ತದೆ.

ಈಗಾಗಲೇ ಸುಟ್ಟ ಮರಗಳನ್ನು ಏನು ಮಾಡಬೇಕು?

ಹಳದಿ ಮಚ್ಚೆ ಮಾತ್ರ ಕಂಡಿದ್ದರೆ ತಡ ಮಾಡದೆ ಅದೇ ದಿನ ಹಾಳೆ ಕಟ್ಟಬೇಕು. ಮಚ್ಚೆ ಹೋಗುವುದಿಲ್ಲ, ಆದರೆ ಮುಂದುವರಿಯುವುದು ನಿಲ್ಲುತ್ತದೆ.

ಸೀಳು ಬಿದ್ದಿದ್ದರೆ ಕೊಳೆತ ಭಾಗವನ್ನು ಮಾತ್ರ ಮೆಲ್ಲನೆ ಕೆರೆದು ತೆಗೆದು ಬೋರ್ಡೋ ಮುಲಾಮು ಹಚ್ಚಬೇಕು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣವನ್ನು ಪ್ರತ್ಯೇಕವಾಗಿ ನೀರಿನಲ್ಲಿ ಕರಗಿಸಿ, ಒಟ್ಟು 10 ಲೀಟರ್ ಆಗುವಂತೆ ಬೆರೆಸಿದರೆ ಮುಲಾಮು ಸಿದ್ಧವಾಗುತ್ತದೆ. ಇದರಿಂದ ಶಿಲೀಂಧ್ರಗಳ ಹಾವಳಿ ತಗ್ಗಬಹುದು. ಆದರೆ ಮರಕ್ಕೆ ಹಿಂದಿನ ಬಲ ಬರುತ್ತದೆಂದು ತಿಳಿಯಬಾರದು.

ಸೀಳಿದ ಪ್ರತಿಯೊಂದು ಮರಕ್ಕೂ ಎದೆಯೆತ್ತರದಲ್ಲಿ ಎದ್ದು ಕಾಣುವ ಕೆಂಪು ಬಣ್ಣದ ಪಟ್ಟೆ ಬಳಿಯಬೇಕು. ಕೆಂಪು ಪಟ್ಟೆಯ ಮರವನ್ನು ಹತ್ತಬಾರದು, ಪಕ್ಕದ ಮರದಿಂದ ಅದಕ್ಕೆ ದಾಟಲೂ ಬಾರದು ಎಂದು ಕೆಲಸದವರಿಗೆ ಮೊದಲೇ ತಿಳಿಸಬೇಕು. ಇಂತಹ ಮರಗಳ ಗೊನೆಯನ್ನು ಈಗ ಬಳಕೆಗೆ ಬಂದಿರುವ ಹಗುರವಾದ ಫೈಬರ್ ದೋಟಿಯಿಂದ ನೆಲದಲ್ಲಿ ನಿಂತೇ ಕೊಯ್ಯಬಹುದು, ಔಷಧಿಯನ್ನೂ ಹೊಡೆಯಬಹುದು.

ದಾರಿಯ ಬದಿ, ಮನೆಯ ಹತ್ತಿರ, ಕೊಟ್ಟಿಗೆಯ ಮೇಲೆ ಬೀಳುವಂತಿರುವ ಮರಗಳನ್ನು ಮಳೆಗಾಲಕ್ಕೆ ಮೊದಲು ಕಡಿಯುವುದೇ ಕ್ಷೇಮ. ಆದರೆ ಕಡಿಯುವ ಮೊದಲು ಅದರ ಹಿಂದಿರುವ ಮರಕ್ಕೆ ಮುಂದಿನ ಚಳಿಗಾಲದಲ್ಲಿ ಹೊದಿಕೆ ಬೇಕಾಗುತ್ತದೆಂಬುದನ್ನು ನೆನಪಿಡಬೇಕು. ಕಿಂಡಿಯಾದ ಜಾಗದಲ್ಲಿ ಸಸಿ ನೆಟ್ಟರೆ ಮಾತ್ರ ಸಾಲದು. ಆ ಸಸಿ ನೆರಳು ಕೊಡಲು ಹಲವು ವರ್ಷ ಬೇಕು.

ಹೊಸದಾಗಿ ಬಿಸಿಲು ಬೀಳುವ ಸಂದರ್ಭಗಳು

ಇಪ್ಪತ್ತು ಮೂವತ್ತು ವರ್ಷ ಚೆನ್ನಾಗಿದ್ದ ತೋಟ ಒಮ್ಮೆಲೇ ಅಂಚಿನಿಂದ ಕೆಡುವುದುಂಟು. ವಿಚಾರಿಸಿದರೆ ಪಕ್ಕದ ಜಾಗದವರು ಮರ ಕಡಿದಿರುತ್ತಾರೆ, ಮುದಿಯಾದ ರಬ್ಬರ್ ತೆಗೆದಿರುತ್ತಾರೆ, ರಸ್ತೆ ಅಗಲವಾಗಿರುತ್ತದೆ ಅಥವಾ ವಿದ್ಯುತ್ ತಂತಿಗಾಗಿ ಕೊಂಬೆ ಸವರಿರುತ್ತಾರೆ. ಪಕ್ಕದವರ ಮರ ಪಕ್ಕದವರದು. ಅದನ್ನು ಕಡಿಯಬೇಡಿ ಎನ್ನಲಾಗದು. ಆದರೆ ಕಡಿಯುವ ಮೊದಲು ತಿಳಿಸಿ ಎಂದು ಕೇಳಿಕೊಳ್ಳಬಹುದು. ತಿಳಿದ ವರ್ಷವೇ ಅಂಚಿಗೆ ಹೊದಿಕೆ ಕಟ್ಟಿ, ನಮ್ಮ ಗಡಿಯೊಳಗೆ ನಮ್ಮದೇ ಆದ ಮರಗಳ ಸಾಲನ್ನು ಆರಂಭಿಸಬೇಕು. ನಮ್ಮ ತೋಟದ ನೆರಳು ನಮ್ಮ ಜಾಗದಲ್ಲಿಯೇ ಇರುವುದು ಲೇಸು.

ತಿಂಗಳುವಾರು ಕೆಲಸಗಳು

ಜೂನ್–ಜುಲೈ: ದಕ್ಷಿಣ ಮತ್ತು ಪಶ್ಚಿಮದ ಅಂಚಿನಲ್ಲಿ ನೆರಳಿನ ಮರಗಳ ಸಸಿ ನೆಡುವುದು. ಹೊಸ ತೋಟದಲ್ಲಿ ಬಾಳೆ ಹಾಕುವುದು.

ಸೆಪ್ಟೆಂಬರ್: ಬಿದ್ದ ಹಾಳೆ, ಮಡಲುಗಳನ್ನು ಕೂಡಿಡುವುದು. ಸುಣ್ಣ ತಂದಿಡುವುದು. ಅಂಚಿನ ಮರಗಳನ್ನು ಎಣಿಸುವುದು.

ಅಕ್ಟೋಬರ್: ಸಸಿಗಳಿಗೆ ಮಡಲು ಊರುವುದು. ಅಂಚಿನ ಮರಗಳಿಗೆ ಹಾಳೆ ಕಟ್ಟುವುದು ಅಥವಾ ಸುಣ್ಣ ಬಳಿಯುವುದು.

ನವೆಂಬರ್–ಫೆಬ್ರವರಿ: ತೊಳೆದುಹೋದ ಸುಣ್ಣ, ಬಿಚ್ಚಿಹೋದ ಹಾಳೆಗಳನ್ನು ಸರಿಪಡಿಸುವುದು. ಹದಿನೈದು ದಿನಗಳಿಗೊಮ್ಮೆ ಮಧ್ಯಾಹ್ನ ಮೂರರ ನಂತರ ಅಂಚಿನಲ್ಲಿ ನಡೆದು ಬಿಸಿಲು ಎಲ್ಲಿ ಬೀಳುತ್ತದೆಂದು ನೋಡುವುದು.

ಮಾರ್ಚ್–ಏಪ್ರಿಲ್: ಸೀಳಿದ ಮರಗಳಿಗೆ ಕೆಂಪು ಪಟ್ಟೆ ಬಳಿಯುವುದು. ಅಪಾಯದ ಮರಗಳನ್ನು ಕಡಿಯುವುದು.

ಮೇ: ಹೊದಿಕೆ ತೆಗೆಯುವುದು. ನೆರಳಿನ ಮರಗಳ ಕೆಳಗಿನ ಕೊಂಬೆ ಸವರುವುದು.

ಕೊನೆಯ ಮಾತು

ಸೇಬು ಬೆಳೆಗಾರನಿಗೆ ಹಿಮ ಯಾವ ರಾತ್ರಿ ಬೀಳುತ್ತದೆಂದು ಮೊದಲೇ ಖಚಿತವಾಗಿ ತಿಳಿಯುವುದಿಲ್ಲ. ಅಡಿಕೆ ಬೆಳೆಗಾರನಿಗೆ ಆ ಕಷ್ಟವಿಲ್ಲ. ಸೂರ್ಯ ಪ್ರತಿ ವರ್ಷವೂ ಅದೇ ತಿಂಗಳಿನಲ್ಲಿ ತೆಂಕಕ್ಕೆ ಸರಿಯುತ್ತಾನೆ, ಅದೇ ಹೊತ್ತಿಗೆ ಅದೇ ಮೂಲೆಯಿಂದ ಕಾಯುತ್ತಾನೆ. ಇಷ್ಟು ಮೊದಲೇ ತಿಳಿದು ಬರುವ ಶತ್ರುವಿಗೆ ಮರ ಒಪ್ಪಿಸುವುದು ನಮ್ಮದೇ ಅಲಕ್ಷ್ಯ. ಎಕರೆಗೆ ಐವತ್ತು ಮರ, ಮರಕ್ಕೆ ನಾಲ್ಕಾರು ಹಾಳೆ, ಒಂದೆರಡು ದಿನಗಳ ಕೆಲಸ. ಮಾಯದ ಗಾಯಕ್ಕೆ ಮದ್ದು ಹುಡುಕುವುದಕ್ಕಿಂತ ಗಾಯವಾಗದಂತೆ ನೋಡಿಕೊಳ್ಳುವುದೇ ಸುಲಭ. ವಿಸ್ತರಣಾ ಕಾರ್ಯಕರ್ತರು ಸೆಪ್ಟೆಂಬರ್ ತಿಂಗಳ ಸಭೆಗಳಲ್ಲಿ ಕೊಳೆರೋಗದ ಜೊತೆಗೆ ಈ ವಿಷಯವನ್ನೂ ರೈತರ ಗಮನಕ್ಕೆ ತರಬೇಕು. ತಮ್ಮ ತೋಟದ ಪರಿಸ್ಥಿತಿಗೆ ತಕ್ಕ ಸಲಹೆ ಬೇಕಾದ ರೈತರು ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ತೋಟಗಾರಿಕಾ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು.